ನೂರು ಡೋಸಿನ ಬಾಟಲಿ, ಹತ್ತು ಕೋಳಿಯ ಹಿತ್ತಲು

ಕಾಕತಿಯ ಮೇಲೆ ಹಾದುಹೋಗುವ ಹೆದ್ದಾರಿಯಲ್ಲಿ ಬೆಳಗಿನ ಜಾವ ಬ್ರಾಯ್ಲರ್ ಕೋಳಿ ತುಂಬಿದ ಗಾಡಿಗಳು ಓಡುತ್ತವೆ. ಕೆಲವು ಬೆಳಗಾವಿಯ ಅಂಗಡಿಗಳಿಗೆ, ಕೆಲವು ಘಟ್ಟ ಇಳಿದು ಗೋವಾಕ್ಕೆ. ಆ ಗಾಡಿಯ ಕೋಳಿಗಳಿಗೆ ಮರಿಯಾಗಿದ್ದಾಗಲೇ ಲಸಿಕೆ ಬಿದ್ದಿರುತ್ತದೆ. ಅದೇ ರಸ್ತೆಯ ಪಕ್ಕದ ಓಣಿಯಲ್ಲಿ ಹಿತ್ತಲು ಕೆದರುವ ಜವಾರಿ ಕೋಳಿಗೆ ಹುಟ್ಟಿದಾಗಿನಿಂದ ಒಂದು ಹನಿ ಲಸಿಕೆಯೂ ಬಿದ್ದಿರುವುದು ಅಪರೂಪ. ಯಾವುದೋ ಒಂದು ಬೇಸಿಗೆಯಲ್ಲಿ ಕೊಕ್ಕರೆ ರೋಗ ಬರುತ್ತದೆ, ವಾರದೊಳಗೆ ಓಣಿಯ ಬುಟ್ಟಿಗಳೆಲ್ಲ ಖಾಲಿಯಾಗುತ್ತವೆ.

ಈ ರೋಗಕ್ಕೆ ಔಷಧಿ ಇಲ್ಲ, ಆದರೆ ಲಸಿಕೆ ಇದೆ. ಇಂದು ನಿನ್ನೆಯದಲ್ಲ, ನಮ್ಮ ಅಜ್ಜಿಯರ ಕಾಲದ ಲಸಿಕೆ. ಹಾಗಿದ್ದರೂ ಅದು ಹಿತ್ತಲಿಗೆ ಯಾಕೆ ಬರುವುದಿಲ್ಲ? ವಿಜ್ಞಾನಿಗಳು ಮತ್ತು ಕಂಪನಿಗಳು ಕೂಡಿ ಮಾಡಿದ ಕೆಲಸ ದೊಡ್ಡ ಶೆಡ್ಡಿನ ಅಳತೆಗೆ ಹೊಲಿದದ್ದು ಅನ್ನುವುದು ನಮ್ಮ ಉತ್ತರ. ಅದನ್ನು ಹಿತ್ತಲಿನ ಅಳತೆಗೆ ಕತ್ತರಿಸಿಕೊಳ್ಳುವ ಕೆಲಸ ಬಾಕಿ ಇದೆ. ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ಊರಿನ ಹದಿನಾಲ್ಕು ಮನೆಗಳು ಒಂದು ದಿನ ಒಂದಾದರೆ ಸಾಕು.

ಮೊದಲು ಒಂದು ಮಾತು. ಲ್ಯಾಬು ಮತ್ತು ಕಂಪನಿ ಕೈಜೋಡಿಸುವುದಕ್ಕೆ ನಾವು ವಿರೋಧಿಗಳಲ್ಲ. ಅದರಿಂದ ಆದ ಲಾಭ ಕಣ್ಣಿಗೆ ಕಾಣುತ್ತದೆ. 1971ರಲ್ಲಿ ಬಿ.ವಿ. ರಾವ್ ವೆಂಕಟೇಶ್ವರ ಹ್ಯಾಚರೀಸ್ ಶುರು ಮಾಡಿದರು. ಆ ಸಂಸ್ಥೆ ಮುಂದೆ ಪುಣೆಯಲ್ಲಿ ಬೇರೂರಿತು, ಅಮೆರಿಕದ ಕಾಬ್ ತಳಿಯ ಬ್ರಾಯ್ಲರನ್ನು ಇಲ್ಲಿಯ ಹವೆಗೆ ಹೊಂದಿಸಿ ದೇಶದ ತುಂಬ ಹರಡಿತು. ಇವತ್ತು ಬ್ರಾಯ್ಲರ್ ಮರಿ ಸುಮಾರು 40 ದಿನದಲ್ಲಿ ಎರಡು ಕಿಲೋ ದಾಟುತ್ತದೆ. ತಳಿ, ಆಹಾರ, ಲಸಿಕೆ ಮೂರರಲ್ಲೂ ಸಂಶೋಧನೆ ನಡೆದದ್ದಕ್ಕೆ ಇದು ಸಾಧ್ಯವಾಯಿತು. ತತ್ತಿ ಉತ್ಪಾದನೆಯಲ್ಲಿ ಭಾರತ ಈಗ ಜಗತ್ತಿನಲ್ಲಿ ಎರಡನೇ ಸ್ಥಾನದಲ್ಲಿದೆ. 2023-24ರಲ್ಲಿ ದೇಶದಲ್ಲಿ 14,277 ಕೋಟಿ ತತ್ತಿ ಉತ್ಪಾದನೆಯಾಯಿತು ಎಂದು ಕೇಂದ್ರ ಸರ್ಕಾರದ ಲೆಕ್ಕ ಹೇಳುತ್ತದೆ.

ಇನ್ನೊಂದು ಉದಾಹರಣೆ ನೋಡಿ. ಎಚ್‌9ಎನ್‌2 ಅನ್ನುವ ಕೋಳಿ ಜ್ವರದ ವೈರಸ್ ಇದೆ. ಕೋಳಿಯನ್ನು ಕೂಡಲೇ ಕೊಲ್ಲುವುದಿಲ್ಲ, ತತ್ತಿ ಇಳಿಸುತ್ತದೆ, ಬೇರೆ ರೋಗಕ್ಕೆ ದಾರಿ ಮಾಡಿಕೊಡುತ್ತದೆ. ಭೋಪಾಲದಲ್ಲಿರುವ ಸರ್ಕಾರದ ಪ್ರಾಣಿ ರೋಗಗಳ ಸಂಸ್ಥೆ ಇದಕ್ಕೆ ಲಸಿಕೆ ತಯಾರಿಸಿತು. 2022ರಲ್ಲಿ ಆ ತಂತ್ರಜ್ಞಾನವನ್ನು ಖಾಸಗಿ ಕಂಪನಿಗಳಿಗೆ ಕೊಟ್ಟಿತು. ಸರ್ಕಾರಿ ಲ್ಯಾಬು ಕಂಡುಹಿಡಿಯಿತು, ಕಂಪನಿ ತಯಾರಿಸಿ ಮಾರುತ್ತದೆ, ದೊಡ್ಡ ಫಾರ್ಮಿನವರು ಕೊಳ್ಳುತ್ತಾರೆ. ಈ ಸರಪಳಿಯಲ್ಲಿ ಎಲ್ಲ ಕೊಂಡಿಯೂ ಗಟ್ಟಿಯಾಗಿದೆ, ಏಕೆಂದರೆ ಕೊನೆಯಲ್ಲಿ ಸಾವಿರಾರು ಡೋಸ್ ಕೊಳ್ಳುವವರು ಇದ್ದಾರೆ.

ಹಿತ್ತಲಿನ ಕೋಳಿಗೂ ವಿಜ್ಞಾನ ಏನೂ ಮಾಡಿಲ್ಲ ಅನ್ನುವಂತಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಗಿರಿರಾಜ ಕೋಳಿಯನ್ನು ಕೊಟ್ಟಿತು. ಹೆಬ್ಬಾಳದ ವಿಜ್ಞಾನಿಗಳು ಹಳ್ಳಿಯ ಮನೆಗಳನ್ನೇ ಕಣ್ಣಮುಂದೆ ಇಟ್ಟುಕೊಂಡು ಮಾಡಿದ ತಳಿ ಅದು. ಬಣ್ಣದ ಪುಕ್ಕ, ಹಿತ್ತಲಲ್ಲಿ ಮೇಯುವ ಗುಣ. ನಮ್ಮ ಜವಾರಿ ಕೋಳಿ ವರ್ಷಕ್ಕೆ 50-60 ತತ್ತಿ ಇಟ್ಟರೆ ಗಿರಿರಾಜ 130ರಿಂದ 150 ಇಡುತ್ತದೆ. 2005ರಲ್ಲಿ ಸ್ವರ್ಣಧಾರಾ ಬಂತು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯ ವನರಾಜ, ಗ್ರಾಮಪ್ರಿಯ ತಳಿಗಳನ್ನು ಕೊಟ್ಟಿತು. ಲಸಿಕೆ ವಿಷಯದಲ್ಲಂತೂ ಹೆಬ್ಬಾಳದಲ್ಲಿ 1925ರಿಂದಲೇ ಸರ್ಕಾರಿ ಸಂಸ್ಥೆ ಇದೆ.

ತಳಿ ಬಂತು, ಲಸಿಕೆ ಬಂತು. ಆದರೆ ಬಾಟಲಿ ಚಿಕ್ಕದಾಗಲಿಲ್ಲ.

ಕೊಕ್ಕರೆ ರೋಗಕ್ಕೆ ಡಾಕ್ಟರರು ರಾಣಿಕೇತ್ ರೋಗ ಅನ್ನುತ್ತಾರೆ. ಈಗಿನ ಉತ್ತರಾಖಂಡದ ರಾಣಿಖೇತ್ ಊರಿನಲ್ಲಿ 1920ರ ದಶಕದ ಕೊನೆಗೆ ಗುರುತಿಸಿದ್ದಕ್ಕೆ ಆ ಹೆಸರು. ಹಸಿರು-ಬಿಳಿ ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು, ರೆಕ್ಕೆ ಜೋಲುವುದು. ಇದರ ಲಸಿಕೆ ಪುಡಿಯ ರೂಪದಲ್ಲಿ ಪುಟ್ಟ ಗಾಜಿನ ಬಾಟಲಿಯಲ್ಲಿ ಬರುತ್ತದೆ. ಒಂದು ಬಾಟಲಿಯಲ್ಲಿ 100, 200, 500 ಅಥವಾ 1000 ಡೋಸ್ ಇರುತ್ತದೆ. ಫ್ರಿಜ್ಜಿನ ತಂಪಿನಲ್ಲೇ, ಅಂದರೆ 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ದ್ರಾವಣ ಬೆರೆಸಿದ ಮೇಲೆ ಎರಡು ತಾಸಿನೊಳಗೆ ಹಾಕಿ ಮುಗಿಸಬೇಕು. ಉಳಿದದ್ದು ಚೆಲ್ಲಬೇಕು.

ಈಗ ಹತ್ತು ಕೋಳಿ ಸಾಕಿದ ಅಕ್ಕನ ಜಾಗದಲ್ಲಿ ನಿಂತು ನೋಡಿ. ಆಕೆ ಬೆಳಗಾವಿ ಪ್ಯಾಟಿಗೆ ಹೋಗಿ 100 ಡೋಸಿನ ಬಾಟಲಿ ಕೊಂಡು, ಐಸ್ ಹಾಕಿಸಿಕೊಂಡು, ಬಸ್ಸಿನಲ್ಲಿ ತರಬೇಕು. ಹತ್ತು ಡೋಸ್ ಹಾಕಿ ತೊಂಬತ್ತು ಚೆಲ್ಲಬೇಕು. ಯಾರು ಮಾಡುತ್ತಾರೆ? ದನದ ದವಾಖಾನೆಯ ಸಿಬ್ಬಂದಿಯ ಕಡೆಯಿಂದಲೂ ಲೆಕ್ಕ ಅದೇ. ಒಂದು ಮನೆಯ ಹತ್ತು ಕೋಳಿಗೆ ಬಾಟಲಿ ಒಡೆದರೆ ಉಳಿದದ್ದು ವ್ಯರ್ಥ. ಕಂಪನಿಯನ್ನು ಕೇಳಿದರೆ ಚಿಕ್ಕ ಬಾಟಲಿಗೆ ಗಿರಾಕಿ ಎಲ್ಲಿದ್ದಾರೆ ಅನ್ನುವ ಪ್ರಶ್ನೆ ಬರುತ್ತದೆ. ಮೂವರದ್ದೂ ಲೆಕ್ಕ ಸರಿ, ಕೋಳಿ ಮಾತ್ರ ಸಾಯುತ್ತದೆ.

ಹಿತ್ತಲಿನ ಕೋಳಿ ಅಂದರೆ ಎಷ್ಟು ಮಹಾ ಅನ್ನುವವರಿಗೆ ಒಂದು ಅಂಕಿ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಇರುವ 85 ಕೋಟಿ ಕೋಳಿ-ಬಾತುಗಳಲ್ಲಿ 31.7 ಕೋಟಿ ಹಿತ್ತಲಿನವು. ಹಿಂದಿನ ಗಣತಿಗಿಂತ ಶೇ. 45ಕ್ಕೂ ಹೆಚ್ಚು ಏರಿಕೆ. ಈ ಕೋಳಿಯ ದುಡ್ಡು ಬಹಳ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಯಲ್ಲೇ ಉಳಿಯುತ್ತದೆ. ಸಂತೆಗೆ ಎರಡು ಹುಂಜ ಒಯ್ದರೆ ಮಗಳ ಫೀ, ಅತ್ತೆಯ ಗುಳಿಗೆ, ಜಾತ್ರೆಯ ಬಳೆ. ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ, ಬಸ್ಸು ದಿನಕ್ಕೆ ಎರಡೇ ಸಲ ಬರುವ ಕಡೆ, ಹುಂಜವೇ ಬ್ಯಾಂಕು. ಆ ಬ್ಯಾಂಕು ಒಂದೇ ವಾರದಲ್ಲಿ ಮುಳುಗಿದರೆ ಯಾವ ವಿಮೆಯೂ ಕೈಹಿಡಿಯುವುದಿಲ್ಲ.

ಶೆಡ್ಡಿನವರಿಗೂ ಇದು ಸಂಬಂಧವಿಲ್ಲದ ವಿಷಯವಲ್ಲ. ಕಾಂಟ್ರಾಕ್ಟ್ ಮೇಲೆ ಬ್ರಾಯ್ಲರ್ ಸಾಕುವ ರೈತರಿಗೆ ಕಂಪನಿಗಳು ಸಾಮಾನ್ಯವಾಗಿ ಒಂದು ಮಾತು ಹೇಳುತ್ತವೆ. ಮನೆಯಲ್ಲಿ ಜವಾರಿ ಕೋಳಿ ಸಾಕಬೇಡಿ, ರೋಗ ಶೆಡ್ಡಿಗೆ ಬರುತ್ತದೆ. ವಿಜ್ಞಾನದ ದೃಷ್ಟಿಯಿಂದ ಮಾತು ಸರಿ. ಆದರೆ ರೈತನ ಮನೆಯ ಕೋಳಿ ತೆಗೆಸಿದರೆ ಪಕ್ಕದ ಮನೆಯದು? ಎದುರು ಓಣಿಯದು? ಕಾಗೆ, ನಾಯಿ, ಚಪ್ಪಲಿ, ಬೈಕಿನ ಗಾಲಿ ಇವಕ್ಕೆಲ್ಲ ಬೇಲಿ ಇಲ್ಲ. ಊರಿನ ಕೋಳಿಗಳಿಗೆ ಲಸಿಕೆ ಇಲ್ಲದಿದ್ದರೆ ಐದು ಸಾವಿರ ಬ್ರಾಯ್ಲರ್ ಇರುವ ಶೆಡ್ಡು ಬೆಂಕಿಯ ಪಕ್ಕದ ಬಣವೆಯಂತೆ ನಿಂತಿರುತ್ತದೆ. ಹಿತ್ತಲಿಗೆ ಲಸಿಕೆ ಹಾಕಿಸುವುದು ದಾನವಲ್ಲ, ಶೆಡ್ಡಿನ ಕಾವಲು.

ಹಕ್ಕಿಜ್ವರದ ನಿಯಮ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಂಡಾಗ ಫಾರ್ಮಿನ ಕೋಳಿಯ ಜೊತೆಗೆ ಸುತ್ತಲಿನ ಮನೆಗಳ ಕೋಳಿಯನ್ನೂ ಕೊಂದರು. ರೋಗ ಹರಡದಿರಲು ಅದು ಅನಿವಾರ್ಯ, ಅದಕ್ಕೆ ಪರಿಹಾರವೂ ಇದೆ. ಆದರೆ ಗಮನಿಸಿ, ಕೊಲ್ಲುವಾಗ ಶೆಡ್ಡು ಬೇರೆ ಹಿತ್ತಲು ಬೇರೆ ಅನ್ನುವ ಭೇದ ಇಲ್ಲ. ಕೊಕ್ಕರೆ ರೋಗದ ಲಸಿಕೆ ಹಾಕುವಾಗ ಮಾತ್ರ ಯಾಕೆ ಈ ಭೇದ?

ಹಾಗಾದರೆ ದಾರಿ ಏನು? ಆಫ್ರಿಕದ ಮೊಜಾಂಬಿಕ್, ತಾಂಜಾನಿಯ ದೇಶಗಳ ಹಳ್ಳಿಗಳಲ್ಲಿ ಇದೇ ಸಮಸ್ಯೆ ಇತ್ತು. ಆಸ್ಟ್ರೇಲಿಯದ ವಿಜ್ಞಾನಿಗಳು ಬಿಸಿಲನ್ನು ಸ್ವಲ್ಪ ತಡೆದುಕೊಳ್ಳುವ ಐ-2 ಅನ್ನುವ ಲಸಿಕೆ ಮಾಡಿಕೊಟ್ಟರು. ಅಲ್ಲಿ ಗೆದ್ದದ್ದು ಲಸಿಕೆಯೊಂದೇ ಅಲ್ಲ, ಅದನ್ನು ಹಾಕಿದ ರೀತಿಯೂ. ಊರಿನವರನ್ನೇ ತರಬೇತು ಮಾಡಿ, ದಿನ ಗೊತ್ತು ಮಾಡಿ, ಎಲ್ಲ ಮನೆಯ ಕೋಳಿಗೂ ಒಂದೇ ದಿನ ಕಣ್ಣಿಗೆ ಒಂದು ಹನಿ ಬಿಟ್ಟರು. ಕೋಳಿಗೆ ಇಷ್ಟು ಎಂದು ಸಣ್ಣ ಹಣ ಪಡೆದರು.

ನಮ್ಮಲ್ಲಿ ಆ ಊರಿನವರು ಈಗಾಗಲೇ ಇದ್ದಾರೆ. ಸಂಜೀವಿನಿ ಸ್ವಸಹಾಯ ಸಂಘಗಳ ಪಶು ಸಖಿಯರು. ಒಬ್ಬ ಪಶು ಸಖಿ, ಒಂದು ಐಸ್ ತುಂಬಿದ ಫ್ಲಾಸ್ಕ್, ಒಂದು ಬಾಟಲಿ. ಹದಿನಾಲ್ಕು ಮನೆ, ಮನೆಗೆ ಏಳು ಕೋಳಿ ಅಂದರೆ 98. ನೂರು ಡೋಸಿನ ಬಾಟಲಿ ಅಲ್ಲಿಗೆ ಸರಿಹೋಯಿತು. ಬಾಟಲಿಯ ಹಣ ಹದಿನಾಲ್ಕು ಪಾಲಾದರೆ ಒಂದೊಂದು ಮನೆಗೆ ಬರುವುದು ಚಹಾದ ಖರ್ಚಿನ ಮಾತು.

ಕ್ರಮ ಹೀಗಿದೆ. ಮರಿಗೆ 5-7 ದಿನವಾದಾಗ ಲಸೋಟಾ ಅಥವಾ ಎಫ್ ಲಸಿಕೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ. ನಾಲ್ಕನೇ ವಾರ ಮತ್ತೊಮ್ಮೆ ಲಸೋಟಾ. ಎಂಟು ವಾರ ದಾಟಿದ ಮೇಲೆ ಆರ್‌2ಬಿ ಲಸಿಕೆ, ರೆಕ್ಕೆಯ ಕೆಳಗೆ ಚರ್ಮದಡಿ ಚುಚ್ಚುಮದ್ದು, ಆಮೇಲೆ ಆರು ತಿಂಗಳಿಗೊಮ್ಮೆ. ಎಂಟು ವಾರದೊಳಗಿನ ಮರಿಗೆ ಆರ್‌2ಬಿ ಹಾಕಬೇಡಿ, ಅದು ಕಡಕ್ ಲಸಿಕೆ. ಹಾಕುವ ಒಂದು ವಾರ ಮೊದಲು ಜಂತುಹುಳದ ಔಷಧಿ ಕೊಟ್ಟರೆ ಒಳ್ಳೆಯದು. ಹಾಕಿದ ಮೇಲೆ ಎರಡು ಮೂರು ದಿನ ಕೋಳಿ ಮಂಕಾಗಬಹುದು, ತತ್ತಿ ಇಳಿಯಬಹುದು, ಹೆದರಬೇಕಿಲ್ಲ. ಚುಚ್ಚುವ ಕೆಲಸ ದವಾಖಾನೆಯವರದ್ದು ಅಥವಾ ತರಬೇತಿ ಆದವರದ್ದು. ಲಸಿಕೆ ಹಾಕಿದವರು ಕೈ ತೊಳೆಯದೆ ಕಣ್ಣು ಉಜ್ಜಬಾರದು, ಕಣ್ಣು ಕೆಂಪಾಗುತ್ತದೆ. ಕೋಳಿ ಬುಟ್ಟಿಯೊಳಗೇ ಇರುವ ಬೆಳಗಿನ ಹೊತ್ತು ಇದಕ್ಕೆ ಸರಿಯಾದ ಸಮಯ. ರೋಗ ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ, ಬೇಸಿಗೆಗೆ ಮೊದಲೇ ಆಗಬೇಕು.

ಇಷ್ಟನ್ನು ಊರಿನವರು ಮಾಡಬಹುದು. ಉಳಿದದ್ದನ್ನು ಕೇಳಿ ಪಡೆಯಬೇಕು. ನಾವು ಕೇಳಬೇಕಾದದ್ದು ಮೂವರನ್ನು.

ಪಶುಸಂಗೋಪನೆ ಇಲಾಖೆಯನ್ನು ಕೇಳೋಣ. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆಗೆ ಮನೆ ಮನೆಗೆ ಬರುತ್ತೀರಿ, ಅದೇ ಥರ ಕೋಳಿಗೂ ವರ್ಷಕ್ಕೆ ಎರಡು ದಿನ ಗೊತ್ತು ಮಾಡಿ, ಮುಂಚೆ ಡಂಗುರ ಹೊಡೆಸಿ. ಕೋಳಿ ಮರಿ ಹಂಚುವಾಗ ಲಸಿಕೆಯ ಚೀಟಿಯನ್ನೂ ಜೊತೆಗೆ ಕೊಡಿ. ಗಿರಿರಾಜ ಕಾವಿಗೆ ಕೂರುವುದು ಕಡಿಮೆ, ಅದು ಬೆರಕೆ ತಳಿಯಾದ್ದರಿಂದ ಅದರ ಮರಿಗೆ ತಾಯಿಯ ಗುಣವೂ ಪೂರ್ತಿ ಬರುವುದಿಲ್ಲ. ಪ್ರತಿ ಸಲ ಹೊಸ ಮರಿ ಬೇಕು. ಹಂಚಿದ ಮರಿ ಒಂದೇ ರೋಗಕ್ಕೆ ಸತ್ತರೆ ಹೆಬ್ಬಾಳದ ಇಷ್ಟು ವರ್ಷದ ಸಂಶೋಧನೆ ತಿಪ್ಪೆ ಸೇರಿದಂತೆ.

ಕಂಪನಿಗಳನ್ನು ಕೇಳೋಣ. ನಿಮ್ಮ ಸೂಪರ್‌ವೈಸರ್ ಐಸ್ ಬಾಕ್ಸ್ ಹಿಡಿದು ನಮ್ಮ ಊರಿನ ಶೆಡ್ಡಿಗೆ ಬರುತ್ತಾರೆ. ಅಂದರೆ ತಂಪು ಕೆಡದ ಲಸಿಕೆ ಊರಿನ ಬಾಗಿಲಿಗೆ ಬಂದೇ ಬಂದಿದೆ. ಶೆಡ್ಡು ಇರುವ ಊರಿನ ಹಿತ್ತಲುಗಳಿಗೂ ಆ ಬಾಕ್ಸಿನಲ್ಲಿ ಎರಡು ಬಾಟಲಿ ಹೆಚ್ಚು ಇಡಿ. ನಿಮ್ಮ ಮರಿಗಳ ರಕ್ಷಣೆಗೆ ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ಕೊನೆಗೆ ವಿಜ್ಞಾನಿಗಳನ್ನು ಕೇಳೋಣ. ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದಲ್ಲಿ, ಆ ಕಡೆ ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಪಶು ಸಖಿಯರಿಗೆ ಕೋಳಿ ಲಸಿಕೆಯ ತರಬೇತಿ ಅಲ್ಲಿಂದ ಶುರುವಾಗಲಿ. ಜೊತೆಗೆ ರಾಷ್ಟ್ರೀಯ ಜಾನುವಾರು ಮಿಷನ್ ಬಗ್ಗೆ ಸಂಘಗಳಿಗೆ ತಿಳಿಸಲಿ. ಹಳ್ಳಿ ತಳಿಯ ತಾಯಿ ಕೋಳಿ ಫಾರ್ಮು, ಮರಿ ಮಾಡುವ ಯಂತ್ರ, ಮರಿ ಸಾಕುವ ಘಟಕಕ್ಕೆ ಅದರಲ್ಲಿ ಶೇ. 50 ಸಹಾಯಧನ, ಗರಿಷ್ಠ 25 ಲಕ್ಷ ರೂಪಾಯಿವರೆಗೆ ಇದೆ. ಸ್ವಸಹಾಯ ಸಂಘ, ರೈತ ಉತ್ಪಾದಕ ಕಂಪನಿಗಳೂ ಅರ್ಜಿ ಹಾಕಬಹುದು. ಕಡಿಮೆ ಎಂದರೂ ಸಾವಿರ ತಾಯಿ ಕೋಳಿ ಬೇಕು, ಉಳಿದರ್ಧ ಹಣಕ್ಕೆ ಸಾಲವೋ ಸ್ವಂತದ್ದೋ ಬೇಕು. ಒಂದು ಸಣ್ಣ ಸಂಘಕ್ಕೆ ಭಾರವಾದರೆ ನಾಲ್ಕೈದು ಊರಿನ ಸಂಘಗಳು ಕೂಡಿ ಯೋಚಿಸಬಹುದು. ಆಗ ಲಸಿಕೆ ಹಾಕಿದ ನಾಲ್ಕು ವಾರದ ಮರಿ ಹತ್ತಿರದಲ್ಲೇ ಸಿಗುತ್ತದೆ.

ಇವೆಲ್ಲ ಆಗಲು ಸಮಯ ಬೇಕು. ಆದರೆ ಮೊದಲ ಹೆಜ್ಜೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮುಂದಿನ ವಾರ ಸಂಘದ ಸಭೆ ನಡೆದಾಗ ಉಳಿತಾಯದ ಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡು ಸಾಲು ಎಳೆಯಿರಿ. ಒಂದರಲ್ಲಿ ಮನೆಯ ಹೆಸರು, ಇನ್ನೊಂದರಲ್ಲಿ ಕೋಳಿಯ ಸಂಖ್ಯೆ. ಮೊತ್ತ ನೂರರ ಹತ್ತಿರ ಬಂದ ದಿನ ಆ ಹಾಳೆ ಹಿಡಿದು ದನದ ದವಾಖಾನೆಗೆ ಹೋಗಿ, ದಿನ ಕೇಳಿ. ಹತ್ತು ಕೋಳಿಯ ಒಬ್ಬ ಅಕ್ಕ ಹೋಗಿ ಕೇಳಿದರೆ ಬಾಟಲಿ ಒಡೆಯುವುದು ಕಷ್ಟ ಅನ್ನಬಹುದು. ನೂರು ಕೋಳಿಯ ಹಾಳೆ ಮುಂದೆ ಇಟ್ಟರೆ ಆ ಮಾತು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.