ಕಾಗೆ ಕೂತದ್ದೂ ಕೊಂಬೆ ಮುರಿದದ್ದೂ

ಪಿಎಚ್.ಡಿ.ಯ ಮೊದಲ ವರ್ಷ ನಾನೊಂದು ಸಣ್ಣ ಅಧ್ಯಯನ ಮಾಡಿದೆ. ಒಂದು ಪದವಿ ಕಾಲೇಜಿನಲ್ಲಿ ಪರೀಕ್ಷಾ ಭಯದ ಪ್ರಶ್ನಾವಳಿ ಹಂಚಿ, ಅತಿ ಹೆಚ್ಚು ಸ್ಕೋರ್ ಬಂದ 40 ವಿದ್ಯಾರ್ಥಿಗಳನ್ನು ಆರಿಸಿಕೊಂಡೆ. ಮೂರು ವಾರ ಉಸಿರಾಟದ ಅಭ್ಯಾಸ ಮಾಡಿಸಿ ಅದೇ ಪ್ರಶ್ನಾವಳಿಯನ್ನು ಮತ್ತೆ ಕೊಟ್ಟೆ. ಭಯ ಚೆನ್ನಾಗಿಯೇ ಇಳಿದಿತ್ತು. ವಿಭಾಗದ ಸೆಮಿನಾರಿನಲ್ಲಿ ಚಪ್ಪಾಳೆ ಬಿತ್ತು. ಮುಂದಿನ ವರ್ಷದಿಂದ ಎಲ್ಲರಿಗೂ ಇದು ಕಡ್ಡಾಯ ಎಂದರು ಕಾಲೇಜಿನವರು.

ಒಂದು ವಿಷಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೊದಲ ಸಲ ಪ್ರಶ್ನಾವಳಿ ತುಂಬಿದಾಗ ಪರೀಕ್ಷೆ ಎದುರಿಗಿತ್ತು; ಎರಡನೇ ಸಲ ಮುಗಿದುಹೋಗಿತ್ತು. ಆ ಮಕ್ಕಳು ಮೂರು ವಾರ ಕ್ರಿಕೆಟ್ ಆಡಿಕೊಂಡಿದ್ದರೂ ಭಯ ಇಳಿಯುತ್ತಿತ್ತು. ಕಾಗೆ ಕೂತಿತು, ಕೊಂಬೆ ಮುರಿಯಿತು. ನಾನು ಕಾಗೆಗೆ ಸರ್ಟಿಫಿಕೇಟ್ ಕೊಟ್ಟೆ.

ಪರೀಕ್ಷೆ ಅಡ್ಡ ಬರದಿದ್ದರೂ ಇನ್ನೊಂದು ತೊಡಕಿತ್ತು. ಒಂದು ದಿನದ ಅಳತೆಯಲ್ಲಿ ಅತಿ ಮೇಲಿದ್ದವರನ್ನೇ ಆರಿಸಿದರೆ, ಮುಂದಿನ ಅಳತೆಯಲ್ಲಿ ಅವರ ಸರಾಸರಿ ತಾನಾಗಿಯೇ ಸ್ವಲ್ಪ ಕೆಳಗೆ ಬರುತ್ತದೆ. ಇಸ್ರೇಲಿನ ವಾಯುಪಡೆಯ ತರಬೇತುದಾರರು ಹೊಗಳಿದರೆ ಪೈಲಟ್ ಕೆಡುತ್ತಾನೆ, ಬೈದರೆ ಸುಧಾರಿಸುತ್ತಾನೆ ಎಂದು ನಂಬಿದ್ದನ್ನು ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಬರೆದಿದ್ದಾರೆ. ಅಸಲಿಗೆ ತುಂಬ ಒಳ್ಳೆಯ ಹಾರಾಟದ ನಂತರದ್ದು ಸಾಮಾನ್ಯವಾಗಿ ಅಷ್ಟು ಒಳ್ಳೆಯದಿರುವುದಿಲ್ಲ, ತುಂಬ ಕೆಟ್ಟದ್ದರ ನಂತರದ್ದು ಅಷ್ಟು ಕೆಟ್ಟದಿರುವುದಿಲ್ಲ. ಬೈಗುಳಕ್ಕೆ ಸುಮ್ಮನೆ ಕೀರ್ತಿ ಬಂತು.

ಇದೆಲ್ಲ ನಮಗೆ ಗೊತ್ತಿಲ್ಲವೆಂದಲ್ಲ. ಒಂದೇ ಗುಂಪನ್ನು ಮೊದಲು ಮತ್ತು ನಂತರ ಅಳೆಯುವ ಈ ವಿನ್ಯಾಸ ಏಕೆ ಸಾಲದು ಎಂದು ಕ್ಯಾಂಬೆಲ್ ಮತ್ತು ಸ್ಟ್ಯಾನ್ಲಿ 1963ರಲ್ಲೇ ಪಟ್ಟಿ ಮಾಡಿದ್ದಾರೆ. ನೆಟ್ ಪರೀಕ್ಷೆಗೆಂದು ಆ ಪಟ್ಟಿಯನ್ನು ಬಾಯಿಪಾಠ ಮಾಡಿ, ಸಿನಾಪ್ಸಿಸ್ ಬರೆಯುವಾಗ ಮರೆಯುತ್ತೇವೆ. ನಾನು ಕಂಡಂತೆ, ವಿನ್ಯಾಸವನ್ನು ಆರಿಸುವುದು ಸಂಶೋಧನೆಯ ಪ್ರಶ್ನೆಯಲ್ಲ. ಯಾವ ಕಾಲೇಜಿನಲ್ಲಿ ಪರಿಚಯವಿದೆ, ಫೆಲೋಶಿಪ್ ಯಾವಾಗ ಮುಗಿಯುತ್ತದೆ, ಸೀನಿಯರ್ ಥೀಸಿಸ್‌ನಲ್ಲಿ ಏನಿತ್ತು ಎಂಬುದು.

ಇದಕ್ಕೆ ಸಿದ್ಧ ಉತ್ತರಗಳಿವೆ. ಕಷ್ಟದಲ್ಲಿರುವ ಅರ್ಧ ಮಕ್ಕಳಿಗೆ ನೆರವು ಕೊಡದಿರುವುದು ಅನ್ಯಾಯವಲ್ಲವೇ ಎನ್ನುತ್ತಾರೆ. ನೆರವೋ ಅಲ್ಲವೋ ಎಂಬುದೇ ಇನ್ನೂ ಗೊತ್ತಿಲ್ಲವಲ್ಲ! ಚೀಟಿ ಎತ್ತಿ ಅರ್ಧ ಜನಕ್ಕೆ ಈಗ, ಉಳಿದವರಿಗೆ ಅಳತೆ ಮುಗಿದ ಮೇಲೆ ಕಲಿಸಬಹುದು. ಕಾಯುವವರಿಗೆ ತಾವು ಕಾಯುತ್ತಿದ್ದೇವೆಂದು ಗೊತ್ತಿರುವುದೇ ತೊಡಕೆನಿಸಿದರೆ, ಅವರೊಂದಿಗೂ ಅಷ್ಟೇ ಹೊತ್ತು ಕೂತು ಬೇರೇನಾದರೂ ಮಾಡಿಸಬಹುದು. ಆಗಲೇ ಕೆಲಸ ಮಾಡಿದ್ದು ಉಸಿರಾಟವೋ, ಅಕ್ಕನೊಬ್ಬಳು ಬಂದು ಮಾತಾಡಿಸಿದ್ದೋ ತಿಳಿಯುವುದು.

ಜನ ಸಿಗುವುದಿಲ್ಲ ಎಂಬುದು ಇನ್ನೊಂದು ಉತ್ತರ. ಕಾಗದದಲ್ಲಿ ಓದಿದ್ದು ನೆನಪಿರುತ್ತದೋ ಮೊಬೈಲಿನಲ್ಲಿ ಓದಿದ್ದೋ ಎಂಬುದು ಪ್ರಶ್ನೆಯಾದರೆ, ಒಬ್ಬರಿಂದಲೇ ಎರಡನ್ನೂ ಓದಿಸಿ, ಅರ್ಧ ಜನಕ್ಕೆ ಸರದಿ ತಿರುಗಿಸಿದರೆ ಕಡಿಮೆ ಜನ ಸಾಕು. ಆದರೆ ಕಲಿಸಿದ ಉಸಿರಾಟವನ್ನು ಮರೆಸಲಾಗದು. ಅಲ್ಲಿ ಈ ದಾರಿ ನಡೆಯದು, ಎರಡು ಗುಂಪು ಬೇಕೇ ಬೇಕು. ಪ್ರಶ್ನೆ ಬದಲಾದರೆ ವಿನ್ಯಾಸವೂ ಬದಲಾಗಬೇಕು. ಎಲ್ಲ ಕಾಲಿಗೂ ಒಂದೇ ಚಪ್ಪಲಿ ಹೊಲಿಯುವುದನ್ನು ಸಂಶೋಧನೆ ಎನ್ನಲಾಗದು.

ಸಮಯವಿಲ್ಲ ಎನ್ನುವವರಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ನಿಜಕ್ಕೂ ಸಮಯವಿಲ್ಲ. ಹಾಗಿದ್ದರೆ ‘ಭಯ ಇಳಿಯಿತು, ಕಾರಣ ತಿಳಿಯದು’ ಎಂದಾದರೂ ಬರೆಯೋಣ.

ನಾನು ಆ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರಿಗೆ ಇದನ್ನೇ ಹೇಳಿದೆ. ಅವರು ನಕ್ಕು, ‘ಉಸಿರಾಡಿದರೆ ನಷ್ಟ ಏನಮ್ಮಾ?’ ಎಂದರು. ನಷ್ಟವಿದೆ. ಕಡ್ಡಾಯ ಅಭ್ಯಾಸ ಮುಗಿಸಿಯೂ ಹಾಲ್ ಟಿಕೆಟ್ ಹಿಡಿದು ಕೈ ನಡುಗುವ ಹುಡುಗಿ, ಎಲ್ಲರಿಗೂ ಫಲಿಸಿದ್ದು ನನಗೊಬ್ಬಳಿಗೇ ಫಲಿಸಲಿಲ್ಲ ಎಂದುಕೊಳ್ಳುತ್ತಾಳೆ. ಎಲ್ಲರಿಗೂ ಫಲಿಸಿದೆ ಎಂದು ಹೇಳಿದವಳು ನಾನು.

ಈಗ ಅಧ್ಯಯನವನ್ನು ಮೊದಲಿನಿಂದ ಮಾಡುತ್ತಿದ್ದೇನೆ: ಎರಡು ಗುಂಪು, ಚೀಟಿ ಎತ್ತಿ, ಪರೀಕ್ಷೆಗೆ ಮುಂಚೆಯೇ ಎರಡೂ ಅಳತೆ. ಥೀಸಿಸ್ ಒಂದು ವರ್ಷ ತಡವಾಗುತ್ತದೆ. ಸಿನಾಪ್ಸಿಸ್‌ಗೆ ಸಹಿ ಹಾಕುವ ಗೈಡ್‌ಗಳಲ್ಲಿ ಒಂದೇ ಕೋರಿಕೆ. ಪೆನ್ನು ತೆರೆಯುವ ಮುಂಚೆ ಕೇಳಿ: ಇದನ್ನು ಮಾಡಿಸದಿದ್ದವರಿಗೆ ಏನಾಯಿತು? ನನ್ನನ್ನು ಯಾರೂ ಕೇಳಲಿಲ್ಲ.