ರಬ್ಬರ್ ಹೋದ್ರ ಕುಕ್ಕರ್ ಒಗೀತೀರೇನ್ರೀ?

ಅಕ್ಕಾರ, ವೈನಿಗಳ, ಕುಕ್ಕರಿನ ರಬ್ಬರ್ ಸಡ್ಲಾತು ಅಂತ ಯಾರರ ಕುಕ್ಕರ್ ಒಗದೀರೇನು? ಇಲ್ಲ. ಪ್ಯಾಟಿಗೆ ಹೋಗಿ ರಬ್ಬರ್ ಅಷ್ಟ ತರ್ತೇವಿ. ಹೊಲಿಗಿ ಮಿಷನ್ ಬಿಗಿ ಆದ್ರ ಧೂಳಾ ತಗದು ಎರಡು ಹನಿ ಎಣ್ಣಿ ಬಿಡ್ತೇವಿ. ಇಷ್ಟು ತಿಳಿಯೋ ನಾವು, ಮಕ್ಕಳ ರೇಸ್ ಸೈಕಲ್ಲಿನ ಗೇರ್ ಕೆಟ್ಟಾಗ ಮಾತ್ರ ಅಂಗಡ್ಯಾಂವ "ಪೂರ್ತಿ ಹೊಸಾದು ಹಾಕ್ಬೇಕ್ರೀ" ಅಂದ ಕೂಡ್ಲೆ ಯಾಕ ರೊಕ್ಕ ಎಣಸ್ತೇವಿ?

ನಮ್ಮ ವಿಜಯಪುರ, ಬಾಗಲಕೋಟಿ ಕಡೆ ನಸುಕಿನ್ಯಾಗ ಬಗ್ಗಿ ಕುಂತು ಸೈಕಲ್ ಹೊಡಿಯೋ ಹುಡುಗ್ರು ಹುಡುಗ್ಯಾರು ಹೊಸಬರಲ್ಲ. ಆ ಸೈಕಲ್ಲಿಗೆ ಬ್ರೇಕ್ ಹಿಡಿಯೋ ಲಿವರಿನ್ಯಾಗs ಗೇರೂ ಇರ್ತೈತಿ. ಮೊದಲ ಹಂಗಿರಲಿಲ್ಲ. ಗೇರಿನ ಕಡ್ಡಿ ಕೆಳಗ ಪೈಪಿನ ಮ್ಯಾಲ ಇರ್ತಿತ್ತು, ಹ್ಯಾಂಡಲ್ ಬಿಟ್ಟು ಕೈ ಕೆಳಗ ಹಾಕಬೇಕಾಗಿತ್ತು. 1990ರಾಗ ಜಪಾನಿನ ಶಿಮಾನೋ ಕಂಪನಿ ಎರಡನ್ನೂ ಕೂಡಿಸಿದ ಲಿವರ್ ತಂತು, 1992ರಾಗ ಇಟಲಿಯ ಕಾಂಪಾಗ್ನೋಲೋ ತನ್ನದು ತಂತು. ಭಾಳ ಅನುಕೂಲ ಆತು, ಇಲ್ಲ ಅನ್ನಂಗಿಲ್ಲ. ಆದ್ರ ಸಾದಾ ಕಡ್ಡಿ ಹೋಗಿ ಗಡಿಯಾರದಂಥಾ ಯಂತ್ರ ಬಂತು.

ಅದರೊಳಗ ಹಲ್ಲಿನ ಚಕ್ರ, ಆ ಹಲ್ಲು ಹಿಡಿಯೋ ಸಣ್ಣ ಕೊಕ್ಕಿ, ಕೊಕ್ಕಿ ಒತ್ತೋ ಸ್ಪ್ರಿಂಗು ಅದಾವ. ವರ್ಷಗಟ್ಟಲೆ ಆದ ಮ್ಯಾಲ ಒಳಗಿನ ಗ್ರೀಸು ಹಳೀ ಎಣ್ಣಿ ಜಿಡ್ಡಿನಂಗ ಗಟ್ಟಿ ಆಕ್ಕೈತಿ. ಕೊಕ್ಕಿ ಅಂಟ್ಕೊಂಡು ಹಲ್ಲು ಹಿಡಿಯೂದಿಲ್ಲ. ಲಿವರ್ ಒತ್ತಿದ್ರ ಟಕ್ ಅನ್ನೂದs ಇಲ್ಲ, ಸುಮ್ನ ಆಡ್ತೈತಿ. ಇದು ಮುರದದ್ದಲ್ಲ, ಜಿಡ್ಡು ಹಿಡದದ್ದು!

ನನ್ನ ತಂಗಿ ಮಗಳ ಸೈಕಲ್ಲಿಗೆ ಹಿಂಗs ಆತು. ಅಂಗಡ್ಯಾಗ ಹೊಸಾದೊಂದs ದಾರಿ ಅಂದ್ರು. ಇನ್ನೊಬ್ಬ ಹಳೇ ಮಿಸ್ತ್ರಿ ಮ್ಯಾಲಿನ ರಬ್ಬರ್ ಸರಿಸಿ, ಒಳಗ ಜಿಡ್ಡು ಬಿಡಸೋ ಸ್ಪ್ರೇ ಹೊಡದು, ನೂರು ಸಲ ಟಕಟಕ ಒತ್ತಿ, ಹೊಲಸು ಇಳಿಸಿ, ತೆಳು ಎಣ್ಣಿ ಬಿಟ್ಟ. ಈಗ ಓಡಾಕತ್ತೈತಿ. ಸ್ಪ್ರೇ ಬ್ರೇಕಿನ ರಬ್ಬರಿಗೆ, ಗಾಲಿಗೆ ತಾಗಬಾರದು, ಅಷ್ಟು ಎಚ್ಚರ ಬೇಕು. ಬ್ರೇಕಿಗೆ ಎಣ್ಣಿ ತುಂಬಿರೋ ಹೈಡ್ರಾಲಿಕ್ ಲಿವರ್ ಇದ್ರ ಮನ್ಯಾಗ ಕೈ ಹಾಕಬ್ಯಾಡ್ರಿ, ತಿಳದವರ ಕಡೆ ಒಯ್ಯಿರಿ.

ಇನ್ನೊಂದು, ಗೇರಿನ ತಂತಿ. ಅದು ಲಿವರಿನ ಒಳಗ ಗಟ್ಟ್ಯಾಗಿ ಬಗ್ಗಿ ಬಗ್ಗಿ ಎಳಿ ಎಳಿ ಹರೀತೈತಿ. ಗೇರ್ ದಿನಾ ತಪ್ಪಾಕತ್ತಿದ್ರ ತಂತಿ ನೋಡಸ್ರಿ. ಪೂರ್ತಿ ಹರಿಯೂತನಕ ಬಿಟ್ರ ತುಂಡು ಒಳಗ ಸಿಕ್ಕೊಂಡು ಯಂತ್ರಾನೂ ಕೆಡಸ್ತೈತಿ. ತಂತಿಗೆ ಹೋಗೋ ರೊಕ್ಕ ಎಷ್ಟು, ಲಿವರಿಗೆ ಹೋಗೋದೆಷ್ಟು?

"ಸ್ಪ್ರಿಂಗ್ ಖರೇನ ಮುರದ್ರ?" ಅಂತೀರಿ. ಅಲ್ಲೇ ನನ್ನ ಸಿಟ್ಟು. ಕಾಂಪಾಗ್ನೋಲೋದವರು ತಮ್ಮ ಹಳೇ ಲಿವರಿಗೆ ಒಳಗಿನ ಸಣ್ಣ ಸ್ಪ್ರಿಂಗ್ ಸೈತ ಬಿಡಿಯಾಗಿ ಮಾರ್ತಿದ್ರು, ಬಿಚ್ಚಿ ಹಾಕಬಹುದಿತ್ತು. ಅಂದ್ರ ಆಗದ ಮಾತೇನಲ್ಲ. ಈಗಿನ ಎಷ್ಟೋ ಲಿವರಿನ ಒಳಗಿನ ಸಾಮಾನು ಬಿಡಿಯಾಗಿ ಸಿಗೂದs ಇಲ್ಲ. ಹುಣಸಿ ಬೀಜದಷ್ಟು ಸಾಮಾನಿಗೆ, ಬ್ರೇಕ್ ನೆಟ್ಟಗಿದ್ದ ಲಿವರ್ ಪೂರ್ತಿ ಒಗೀಬೇಕು. ಬಿಚ್ಚೂದು ಸೂಕ್ಷ್ಮ ಕೆಲಸ, ಬ್ರೇಕಿನ ಜ್ವಾಕಿ ಮುಖ್ಯ ಅಂತಾರ. ಒಪ್ಪೋಣು. ಹಂಗಾರ ಸಾಮಾನು ಮಾರ್ರಿ, ಮಿಸ್ತ್ರಿಗೆ ಕಲಸ್ರಿ. ಕುಕ್ಕರಿನ್ಯಾಗೂ ಜೀವದ ಭಯ ಐತಿ, ಅದರ ವಾಲ್ವ್ ಅಂಗಡ್ಯಾಗ ಸಿಗೂದಿಲ್ಲೇನು?

ಇದು ಬರೇ ರೊಕ್ಕದ ಮಾತಲ್ರೀ. ಖರ್ಚು ಜಾಸ್ತಿ ಅಂದ್ರ ಮಗನ ಸೈಕಲ್ಲಿಗೆ ಸಾಲಾ ಮಾಡಿ ಹೊಸಾದು ಹಾಕಸ್ತಾರ, ಮಗಳ ಸೈಕಲ್ಲು ಗ್ವಾಡಿಗೆ ಒರಗ್ತೈತಿ. "ಸಾಕು ಬಿಡವಾ, ಓದಕೋ" ಅಂತಾರ. ಒಂದು ಚಮಚ ಜಿಡ್ಡಿನ ಸಲುವಾಗಿ ಹುಡುಗಿ ಓಡೂದು ನಿಂತ್ರ ಯಾರು ಜವಾಬ್ದಾರು?

ಅದಕs ಮುಂದ ಅಂಗಡ್ಯಾಂವ ಹೊಸಾದು ಅಂದ್ರ ಮೂರು ಮಾತು ಕೇಳ್ರಿ: ಒಳಗ ತೊಳದು ನೋಡೀಯೇನಪಾ? ತಂತಿ ಬದಲಿಸಿ ನೋಡೀಯೇನು? ಕೆಟ್ಟದ್ದು ಒಂದs ಬದಿ ಇದ್ರ ಜೋಡಿ ಯಾಕ? ಮೂರಕ್ಕೂ ನೆಟ್ಟಗ ಉತ್ತರ ಬರೂತನಕ ಪರ್ಸ್ ತಗೀಬ್ಯಾಡ್ರಿ.