ಗಾಳಿ ಎಲ್ಲಿ ಹೋಯ್ತು?

ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಗೆ ಹೋಗಿ ಬಂದ ಮೇಲೆ, ಅಲ್ಲಿನ ಬ್ರೈಡಲ್‌ವೇಲ್ ಜಲಪಾತದ ಫೋಟೋ ಒಂದನ್ನು ಅಮ್ಮನಿಗೆ ಕಳಿಸಿದ್ದೆ. "ಚೆನ್ನಾಗಿದೆ ಕಣೋ, ಹಾಲು ಸುರಿದ ಹಾಗಿದೆ. ಆದ್ರೆ ಗಾಳಿಗೆ ನೀರು ಹಾರಿ ಬಂದು ಪೂರ್ತಿ ನೆನೆದೆ ಅಂದಿದ್ಯಲ್ಲ, ಆ ಗಾಳಿ ಎಲ್ಲಿ?" ಅಂದಳು.

ಉತ್ತರ ಹೊಳೆಯಲಿಲ್ಲ.

ಹಿಮಯುಗದಲ್ಲಿ ದೊಡ್ಡ ಹಿಮನದಿ ಮುಖ್ಯ ಕಣಿವೆಯನ್ನು ಆಳಕ್ಕೆ ಕೊರೆದುಬಿಟ್ಟಿತು. ಪಕ್ಕದ ತೊರೆಯ ಸಣ್ಣ ಕಣಿವೆ ಮಾತ್ರ ಮೇಲೆಯೇ ನೇತಾಡಿಕೊಂಡು ಉಳಿಯಿತು. ಅದರ ಅಂಚಿನಿಂದ ನೀರು 620 ಅಡಿ ಕೆಳಕ್ಕೆ ಬೀಳುತ್ತದೆ. ಬೀಳುತ್ತದೆ ಅನ್ನುವುದೂ ಅಷ್ಟು ಸರಿಯಲ್ಲ... ಗಾಳಿ ಜೋರಾದರೆ ಸೀರೆಯ ಸೆರಗಿನ ಹಾಗೆ ಪಕ್ಕಕ್ಕೆ ಹಾರುತ್ತದೆ. ಅಲ್ಲಿನ ಮೂಲನಿವಾಸಿಗಳು ಇದಕ್ಕಿಟ್ಟ ಪೊಹೊನೊ ಅನ್ನುವ ಹೆಸರಿಗೂ ಗಾಳಿಗೂ ನಂಟಿದೆ ಅನ್ನುತ್ತಾರೆ.

ನಾನು ಮಾಡಿದ್ದೇನು? ಟ್ರೈಪಾಡ್ ನಿಲ್ಲಿಸಿ, ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿ, ಎರಡು ಸೆಕೆಂಡ್ ಶಟರ್ ತೆರೆದಿಟ್ಟೆ. ಅಷ್ಟು ಹೊತ್ತಿನಲ್ಲಿ ನೀರು ಅತ್ತಿತ್ತ ಓಲಾಡಿದ್ದೆಲ್ಲ ಒಂದರ ಮೇಲೊಂದು ಕೂತು ನುಣ್ಣಗಿನ ಬಿಳಿ ಪಟ್ಟಿಯಾಯಿತು. ಗಾಳಿಯನ್ನು ಅಳಿಸಿ ಹಾಕಿದ್ದು ನಾನೇ!

ಈಗ ಯಾರ ಆಲ್ಬಮ್ ತೆರೆದರೂ ಇದೇ ರೇಷ್ಮೆ ನೀರು. ಜೋಗವೋ, ಅಬ್ಬಿಯೋ, ಯೊಸೆಮಿಟಿಯೋ ಗೊತ್ತೇ ಆಗುವುದಿಲ್ಲ. ನಿಧಾನ ಶಟರ್ ತಪ್ಪು ಅಂತ ನನ್ನ ವಾದವಲ್ಲ. ಕಾಡಿನ ನಡುವೆ ಮೆಲ್ಲಗೆ ಹರಿಯುವ ತೊರೆಗೆ ಅದು ಒಪ್ಪುತ್ತದೆ. 1/500 ಸೆಕೆಂಡಿನಲ್ಲಿ ತೆಗೆದದ್ದೇ ಸತ್ಯ ಅಂತಲೂ ಅಲ್ಲ. ನಮ್ಮ ಕಣ್ಣು ಎರಡನ್ನೂ ಹಾಗೆ ನೋಡುವುದಿಲ್ಲ. ಆದರೆ ಗಾಳಿಯೇ ಜೀವವಾಗಿರುವ ಜಲಪಾತದಲ್ಲಿ ಗಾಳಿ ಕಾಣದಿದ್ದರೆ ಅಷ್ಟು ದೂರ ಹೋಗಿ ನಾನು ತಂದದ್ದಾದರೂ ಏನು? ಮೊದಲೇ ಎಲ್ಲೋ ನೋಡಿದ್ದ ಚಿತ್ರವನ್ನೇ ಇನ್ನೊಮ್ಮೆ ತೆಗೆದುಕೊಂಡು ಬಂದೆ, ಅಷ್ಟೇ.

ಕ್ಯಾಮೆರಾದ ಕಾರ್ಡ್ ಮತ್ತೆ ಹುಡುಕಿದೆ. ಟ್ರೈಪಾಡ್ ಬಿಚ್ಚುವ ಮೊದಲು ಸುಮ್ಮನೆ ಕೈಯಲ್ಲೇ ಹಿಡಿದು 1/500ರಲ್ಲಿ ಒತ್ತಿದ್ದ ಒಂದು ಫೋಟೋ ಸಿಕ್ಕಿತು. ಕೆಟ್ಟಿದೆ ಅಂತ ಅಳಿಸಬೇಕೆಂದಿದ್ದೆ. ಲೆನ್ಸ್ ಮೇಲೆ ಹನಿಗಳು, ನೀರು ಅರ್ಧದಲ್ಲೇ ಎಡಕ್ಕೆ ಬಾಗಿ ಚೂರುಚೂರಾಗಿದೆ, ಕೆಳಗಿನ ಬಂಡೆ ಬರೀ ಬೋಳು.

ಅದನ್ನೇ ಅಮ್ಮನಿಗೆ ಕಳಿಸಿದೆ.

"ಅಯ್ಯೋ, ಸ್ವೆಟರ್ ಹಾಕ್ಕೊಂಡಿದ್ಯೇನೋ?" ಅಂತ ಕೇಳಿದಳು.

ನೀವಾಗಿದ್ದರೆ ಯಾವ ಫೋಟೋ ಇಟ್ಟುಕೊಳ್ತಿದ್ರಿ?